ಕಾಂತಾರ ನೋಡುವ ಮೊದಲು ಕೋಳಿ ತಿನ್ನಬಹುದಾ?

2025ರ ಸೆಪ್ಟೆಂಬರ್ ಕೊನೆ. ನಮ್ಮ ಕರಾವಳಿಯ ದೈವಗಳ ಕಥೆಯ ಸಿನಿಮಾ 'ಕಾಂತಾರ ಚಾಪ್ಟರ್ 1' ಬಿಡುಗಡೆಗೆ ಕೆಲವೇ ದಿನ ಬಾಕಿ. ಮುಂಬೈ ಮಾಮ ಬೆಳಿಗ್ಗೆ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಹಾಕಿದರು. ಸಿನಿಮಾ ನೋಡುವವರೆಗೆ ಮದ್ಯ ಮುಟ್ಟಬಾರದು, ಸಿಗರೇಟು ಸೇದಬಾರದು, ಮಾಂಸ ತಿನ್ನಬಾರದು. ಎಷ್ಟೋ ಕೈ ದಾಟಿ ಬಂದದ್ದು ಅಂತ ತೋರಿಸುವ ಎರಡು ಬಾಣದ ಗುರುತು ಮೇಲೆಯೇ ಇತ್ತು. ಕೆಳಗೆ ಮಾಮನ ಸ್ವಂತ ಮಾತು.

ಮಾಮ: "ಇದು ಬರೀ ಸಿನಿಮಾ ಅಲ್ಲ, ದೈವದ ಕೆಲಸ. ಎಲ್ಲರೂ ಪಾಲಿಸಿ. ಮುಖ್ಯವಾಗಿ ಬೆಂಗಳೂರಿನವರು."

ಬೆಂಗಳೂರಿನವರು ಅಂದರೆ ನಾನು ಮತ್ತು ಅಕ್ಕ. ನಾವು ಭಾನುವಾರ ಏನು ತಿನ್ನುತ್ತೇವೆ ಅಂತ ಮಾಮನಿಗೆ ನಮ್ಮ ಸ್ಟೇಟಸ್ ನೋಡಿಯೇ ಗೊತ್ತು.

ಹತ್ತು ನಿಮಿಷದೊಳಗೆ ಕೈಮುಗಿದ ಇಮೋಜಿಗಳ ಸಾಲು ಬಂತು. ಚಿಕ್ಕಮ್ಮ ಬರೆದರು: "ಒಳ್ಳೆಯದು. ನವರಾತ್ರಿಯೂ ಉಂಟಲ್ಲ." ಅವರು ಪೋಸ್ಟರ್ ತೆರೆದೇ ಇರಲಿಲ್ಲ. ಸಂಜೆ ಫೋನಿನಲ್ಲಿ ಕೇಳಿದರೆ, "ಟಿಕೆಟ್ ರೇಟು ಹಾಕಿದ್ದಾರೆ ಅಂತ ಮಾಡಿದ್ದೆ" ಅಂದರು.

ಅಕ್ಕ: "ಮಾಮ, ಇದು ಯಾರು ಹೊರಡಿಸಿದ್ದು? ಸಿನಿಮಾ ಮಾಡಿದ ಹೊಂಬಾಳೆಯವರ ಪೇಜಿನಲ್ಲಿ ಇಲ್ಲ. ಮೂಲ ಎಲ್ಲಿ?"

ಮಾಮ: "ಎಲ್ಲದಕ್ಕೂ ಮೂಲ ಕೇಳ್ಬಾರ್ದು ಮಗಾ."

ಕೊರೊನಾ ಸಮಯದಲ್ಲಿ ಮಾಮ ಕಳಿಸಿದ ಕಷಾಯಕ್ಕೂ ಇವಳು ಮೂಲ ಕೇಳಿದ್ದಳು. ಆ ಗಾಯ ಇನ್ನೂ ಆರಿಲ್ಲ. "ಅವತ್ತು ಕುಡಿದಿದ್ರೆ ನಿನಗೆ ಆ ಕೆಮ್ಮು ಬರ್ತಾ ಇರ್ಲಿಲ್ಲ" ಅಂತ ಮಾಮ ಸೇರಿಸಿದರು. ಪೋಸ್ಟರ್ ಬಿಟ್ಟು ಸ್ವಲ್ಪ ಹೊತ್ತು ಕಷಾಯದ ಮಾತೇ ನಡೆಯಿತು.

ಅಷ್ಟರಲ್ಲಿ ದುಬೈ ಭಾವ ಎದ್ದರು.

ಭಾವ: "ಅಕ್ಟೋಬರ್ 2ಕ್ಕೆ ರಿಲೀಸ್. ಗಾಂಧಿ ಜಯಂತಿ. ಅವತ್ತು ಬೆಂಗಳೂರಲ್ಲಿ ಬಾರೂ ಬಂದ್, ಮಾಂಸದ ಅಂಗಡಿಯೂ ಬಂದ್. ಸರಕಾರವೇ ವ್ರತ ಮಾಡಿಸ್ತದೆ. ನೀವು ಯಾಕೆ ಸುಮ್ನೆ ಕಷ್ಟಪಡುವುದು ಮಾಮ?"

ಮಾಮ: "ನಿಮಗೆ ಎಲ್ಲವೂ ತಮಾಷೆ. ಮೊದಲನೇ ಕಾಂತಾರಕ್ಕೂ ಎಂತ ಹೇಳಿದ್ದಿರಿ ಅಂತ ನೆನಪುಂಟು ನಮಗೆ."

ನೆನಪು ಎಲ್ಲರಿಗೂ ಉಂಟು. 2022ರ ಸೆಪ್ಟೆಂಬರ್ 30ಕ್ಕೆ ಮೊದಲನೆಯದು ಬಂದಾಗ ಮಾಮ ಮುಂಬೈಯಲ್ಲಿ ಎರಡು ಸಲ ನೋಡಿದ್ದರು. ಒಮ್ಮೆ ಕನ್ನಡದಲ್ಲಿ, ಇನ್ನೊಮ್ಮೆ ಪಕ್ಕದ ಮನೆಯ ಮರಾಠಿಯವರನ್ನು ಕರ್ಕೊಂಡು ಹೋಗಿ ಹಿಂದಿಯಲ್ಲಿ. ಕೊನೆಯಲ್ಲಿ ನಾಯಕ ಶಿವನ ಮೈಮೇಲೆ ದೈವ ಬಂದು, ಊರವರ ಕೈಯನ್ನೂ ಅರಣ್ಯ ಅಧಿಕಾರಿಯ ಕೈಯನ್ನೂ ಸೇರಿಸಿ ಎದೆಗೆ ಒತ್ತಿಕೊಳ್ಳುವಾಗ ಮಾಮ ಅತ್ತುಬಿಟ್ಟರಂತೆ. ಅಜ್ಜ ತೀರಿಹೋದಾಗ ಕೂಡ ಅವರು ನಮ್ಮ ಮುಂದೆ ಅತ್ತವರಲ್ಲ. ಅದನ್ನು ಅವರೇ ಗುಂಪಿನಲ್ಲಿ ಬರೆದಿದ್ದರು. ಅದರ ಕೆಳಗೆ ಭಾವ ಹಾಕಿದ್ದು: "ಕೊನೆಯ ಇಪ್ಪತ್ತು ನಿಮಿಷ ಬಿಟ್ಟರೆ ಮಾಮೂಲಿ ಮಸಾಲ."

ಆ ಇಪ್ಪತ್ತು ನಿಮಿಷದ ಜಗಳ ಮೂರು ವರ್ಷ ಕಳೆದರೂ ಮುಗಿದಿಲ್ಲ. ಅಕ್ಕ ಆಗ ಇನ್ನೊಂದು ಮಾತು ಎತ್ತಿದ್ದಳು. ಶಿವ ನಾಯಕಿ ಲೀಲಾಳ ಸೊಂಟ ಚಿವುಟುವುದು ಪ್ರೀತಿ ಹೇಗಾಗುತ್ತದೆ, ಅರಣ್ಯ ಇಲಾಖೆ ಸೇರಿದ ಹುಡುಗಿಗೆ ಕಥೆಯಲ್ಲಿ ಬೇರೆ ಕೆಲಸವೇ ಇಲ್ಲವಾ ಅಂತ. ಯಾರೂ ಉತ್ತರ ಕೊಟ್ಟಿರಲಿಲ್ಲ. ಕೊನೆಗೆ ಮಾಮ, "ಅಷ್ಟು ದೊಡ್ಡ ಸಿನಿಮಾದಲ್ಲಿ ನಿನಗೆ ಅದೊಂದೇ ಕಂಡದ್ದಾ?" ಅಂದಿದ್ದರು.

ನನ್ನ ಲೆಕ್ಕದಲ್ಲಿ ಇಬ್ಬರದ್ದೂ ಸರಿಯೇ. ಆಗ ಬಂದ ವಿಮರ್ಶೆಗಳಲ್ಲೂ ಇದೇ ಕಂಡಿತ್ತು. ಲೀಲಾಳ ಪಾತ್ರಕ್ಕೆ ಬೈದವರು ಕೂಡ ಕ್ಲೈಮ್ಯಾಕ್ಸ್‌ಗೆ ಬಂದಾಗ ಪೆನ್ನು ಕೆಳಗಿಟ್ಟಿದ್ದರು. ಸುಮಾರು 16 ಕೋಟಿಯಲ್ಲಿ ಮಾಡಿದ ಸಿನಿಮಾ ನಮ್ಮ ತೋಟದ ಮೂಲೆಯ ದೈವವನ್ನು ದೇಶಕ್ಕೆಲ್ಲ ತೋರಿಸಿತು. ಮೊದಲು ಕೋಲಕ್ಕೆ, ಅಂದರೆ ದೈವ ಕಟ್ಟಿ ಕುಣಿಯುವ ಸೇವೆಗೆ, ಕರೆದರೆ "ರಜೆ ಇಲ್ಲ" ಅನ್ನುತ್ತಿದ್ದ ಮಕ್ಕಳು ಈಗ ಕ್ಯಾಮೆರಾ ಹಿಡಿದು ಬರುತ್ತಾರೆ. ಬರಲಿ. ಆದರೆ ಜೊತೆಗೆ ಥಿಯೇಟರಿನಿಂದ ಕಲಿತ ಮಡಿಯನ್ನೂ ತರುತ್ತಾರೆ. ಮನೆಯಲ್ಲಿ ಇಲ್ಲದ್ದನ್ನು.

ಇದನ್ನು ನಾನು ಬರೆಯುವುದಕ್ಕೆ ಮೊದಲೇ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಕುಟುಂಬದ ಮನೆಯಲ್ಲಿ ಈಗ ಇರುವುದು ಅವರೊಬ್ಬರೇ. ಕೋಲದ ಜವಾಬ್ದಾರಿಯೂ ಅವರದ್ದೇ. ಮಾಮನಿಗೆ ಅಕ್ಕ ಆಗಬೇಕು, ಹಾಗಾಗಿ ಅವರೊಬ್ಬರಿಗೆ ಮಾತ್ರ ಮಾಮನನ್ನು ಏಕವಚನದಲ್ಲಿ ಬೈಯುವ ಹಕ್ಕು. ಹಿಂದೆ ಕುಕ್ಕರ್ ಕೂಗುತ್ತಿತ್ತು.

ದೊಡ್ಡಮ್ಮ: "ಅಲ್ಲ ಮಾರಾಯಾ, ಗುಳಿಗನಿಗೆ ಕೋಳಿ ಕೊಡದೆ ನಮ್ಮಲ್ಲಿ ಯಾವ ವರ್ಷ ಕೋಲ ಮುಗಿದದ್ದು? ಕೊರಗಜ್ಜನಿಗೆ ಹರಕೆ ಹೇಳುವಾಗ ಎಂತ ಹೇಳ್ತಿ ನೀನು, ಕೇಸರಿಬಾತಾ? ಕಳ್ಳು, ಚಕ್ಕುಲಿ, ಬೀಡ! ದೈವವೇ ತಿನ್ನುವುದನ್ನು ಸಿನಿಮಾ ನೋಡುವವ ತಿನ್ನಬಾರದಾ? ನಿಲ್ಲಿಸುವುದಾದ್ರೆ ಸಿನಿಮಾ ನೋಡಿ ರೀಲ್ಸಲ್ಲಿ ದೈವದ ಹಾಗೆ ಓ ಅಂತ ಬೊಬ್ಬೆ ಹೊಡೆಯುವವರನ್ನು ಮೊದಲು ನಿಲ್ಲಿಸಿ."

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಸ್ಕತ್ ತಮ್ಮನಿಗೆ ಊರು ನೆನಪಾಯಿತು. ಅವನು ಬರೆಯಲು ಶುರು ಮಾಡಿದರೆ ಗುಂಪಿಗೆ ಬೇರೆ ಕೆಲಸ ಇಲ್ಲ.

ತಮ್ಮ: "ದೊಡ್ಡಮ್ಮ, ಕೋಲದ ಮರುದಿನದ ಕೋರಿ ರೊಟ್ಟಿ! ಚಾಪೆಯಲ್ಲಿ ಮಲಗಿದ್ರೆ ದೈವದ ಕಾಲಿನ ಗಗ್ಗರದ ಶಬ್ದಕ್ಕೆ ಎಚ್ಚರ ಆಗ್ತಿತ್ತು. ನಾನೊಮ್ಮೆ ನೀರು ಕುಡೀಲಿಕ್ಕೆ ಅಂತ ಹಿಂದೆ ಹೋದರೆ, ಕೋಲ ಕಟ್ಟುವವರು ಬಾವಿಕಟ್ಟೆ ಹತ್ರ ಕೂತಿದ್ರು. ಅರ್ಧ ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿ ಆಗಿತ್ತು, ಇನ್ನರ್ಧ ಹಾಗೇ ಇತ್ತು. ಸೊಂಟಕ್ಕೆ ಕಟ್ಟುವ ತೆಂಗಿನ ಸಿರಿ ಪಕ್ಕದಲ್ಲಿ. ಬೀಡಿ ಎಳೀತಾ ಇದ್ರು. ನನ್ನನ್ನು ನೋಡಿ, ಯಾವ ಕ್ಲಾಸು ಅಂತ ಕೇಳಿದ್ರು. ಆಮೇಲೆ ಅವರೇ ದೈವವಾಗಿ ಅಂಗಳಕ್ಕೆ ಬಂದಾಗ ನಾನು ಅಮ್ಮನ ಹಿಂದೆ ಅಡಗಿದ್ದೆ."

ಅಕ್ಕ: "ಅವರಿಗೂ ಈ ಪೋಸ್ಟರ್ ಫಾರ್ವರ್ಡ್ ಮಾಡೋಣವಾ ಮಾಮ?"

ಮಾಮ ನೀಲಿ ಗೆರೆ ಬೀಳಿಸಿ ಸುಮ್ಮನಾದರು.

ಸಿನಿಮಾದ ನಾಯಕ, ನಿರ್ದೇಶಕ ರಿಷಬ್ ಶೆಟ್ಟಿ ಪತ್ರಿಕಾಗೋಷ್ಠಿಯಲ್ಲಿ ಆ ಪೋಸ್ಟರ್ ನಕಲಿ ಅಂದ ಸುದ್ದಿ ಬಂತು. ಅದಕ್ಕೂ ಚಿತ್ರತಂಡಕ್ಕೂ ಸಂಬಂಧ ಇಲ್ಲ, ಏನು ತಿನ್ನಬೇಕು ಅನ್ನುವುದು ಅವರವರ ಇಷ್ಟ, ಕೇಳುವ ಹಕ್ಕು ಯಾರಿಗೂ ಇಲ್ಲ ಅಂತ. ಅಕ್ಕ ಲಿಂಕ್ ಮಾತ್ರ ಹಾಕಿದಳು. ಒಂದು ಪದ ಬರೆಯಲಿಲ್ಲ. ಅವಳು ಬೈಯುವುದಕ್ಕಿಂತ ಇದು ಜಾಸ್ತಿ ಚುಚ್ಚುತ್ತದೆ.

ಮಾಮ: "ಆದರೂ ಮೊದಲನೇ ಸಿನಿಮಾದ ಕೋಲದ ಶೂಟಿಂಗಿಗೆ ಅವರು ಮಾಂಸ ಬಿಟ್ಟಿದ್ದರು. ಸಂದರ್ಶನದಲ್ಲಿ ಅವರೇ ಹೇಳಿದ್ದು. ಈಗ ಮೂಲ ಸಾಕಾ?"

ಇದು ನಿಜ. ಪೋಸ್ಟರ್ ಮಾಡಿದವನ ತಲೆಗೆ ಹೊಳೆದದ್ದೂ ಬಹುಶಃ ಇದರಿಂದಲೇ. ಆದರೆ ಬೆನ್ನಿಗೆ ಅಣಿ ಕಟ್ಟಿ ದೈವವಾಗಿ ನಿಲ್ಲುವವನಿಗೆ ಇರುವ ಕಟ್ಟುಪಾಡು ಪಾಪ್‌ಕಾರ್ನ್ ಹಿಡಿದು ಕೂರುವವನಿಗೂ ಯಾಕೆ? ನಾನು ಅದನ್ನೇ ಬರೆದೆ. ಒಬ್ಬರೂ ಓದಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ದೈವನರ್ತಕರ ಮಾಸಾಶನದ ಮಾತು ತೆಗೆದಿದ್ದರು.

ಚಿಕ್ಕಮ್ಮ: "ಒಂದು ಒಳ್ಳೇದಾಯ್ತು. ಸಿನಿಮಾ ಬಂದ ಮೇಲೆ ಅರವತ್ತು ದಾಟಿದ ನರ್ತಕರಿಗೆ ಸರಕಾರ ತಿಂಗಳಿಗೆ 2000 ಕೊಡ್ತೇನೆ ಅಂತ ಹೇಳಿತಲ್ಲ."

ದೊಡ್ಡಮ್ಮ: "ನಮ್ಮಲ್ಲಿ ಕಟ್ಟುವವರಿಗೆ ಇನ್ನೂ ಅರವತ್ತು ಆಗ್ಲಿಲ್ಲ. ಸರಕಾರದ್ದು ಬಿಡು. ನಮ್ಮ ಕುಟುಂಬದಿಂದಲೇ ಅವರಿಗೆ ಹೋದ ವರ್ಷದ ಬಾಕಿ ಉಂಟು. ಕೋಲ ಎಲ್ಲ ಮುಗಿಯುವ ಪತ್ತನಾಜೆ ಕಳೆದು ಎಷ್ಟು ಸಮಯ ಆಯ್ತು? ದೀಪಾವಳಿ ಕಳೆದರೆ ಮತ್ತೆ ಕೋಲ ಶುರು. ಅವರ ಮುಖ ನೋಡುವುದು ನಾನು, ನೀವಲ್ಲ."

ಈಗ ಗುಂಪಿಗೆ ನಿಜವಾದ ಜೀವ ಬಂತು. ಮಾಂಸವೂ ಬೇಡ, ಮದ್ಯವೂ ಬೇಡ, ಯಾರು ಎಷ್ಟು ಕೊಟ್ಟಿದ್ದಾರೆ ಅನ್ನುವುದೇ ಮಾತು. ಮಾಮ ಹಣ ಕಳಿಸಿದ ಸ್ಕ್ರೀನ್‌ಶಾಟ್ ಹಾಕಿದರು. ಭಾವ ಅದನ್ನು ದೊಡ್ಡದು ಮಾಡಿ ದಿನಾಂಕಕ್ಕೆ ಕೆಂಪು ವೃತ್ತ ಎಳೆದು ವಾಪಸು ಹಾಕಿದರು.

ಭಾವ: "ಇದು ದೈವಸ್ಥಾನದ ಮಾಡಿಗೆ ಹಾಕಿದ ಶೀಟಿನ ದುಡ್ಡು ಮಾಮ. ಕೋಲದ್ದಲ್ಲ. ಇಷ್ಟು ಹುಷಾರಿಯಲ್ಲಿ ಆ ಪೋಸ್ಟರನ್ನೂ ನೋಡಿದ್ದಿದ್ರೆ?"

ಮಾಮ: "ಶೀಟು ಯಾರ ತಲೆ ಮೇಲೆ ಉಂಟು? ದೈವದ ತಲೆ ಮೇಲೆ ಅಲ್ವಾ?"

ಚಿಕ್ಕಮ್ಮ: "ಹಬ್ಬದ ಸಮಯ ಜಗಳ ಬೇಡ."

ತಮ್ಮ: "ಆ ಹಳೇ ಹಂಚಿನ ಮಾಡೇ ಚಂದ ಇತ್ತು."

ಕೊನೆಗೆ ರಾಜಿಗೆ ಇಳಿದದ್ದು ಮಾಮನೇ.

ಮಾಮ: "ಆಯ್ತು. ದಸರಾಕ್ಕೆ ನಾನು ಊರಿಗೆ ಬರ್ತೇನೆ. ಮಂಗಳೂರಲ್ಲಿ ಎಲ್ಲರೂ ಒಟ್ಟಿಗೆ ಸಿನಿಮಾ ನೋಡುವ. ಟಿಕೆಟ್ ದುಡ್ಡು ಪೂರಾ ನನ್ನದು. ಅದನ್ನು ಬಾಕಿಯಲ್ಲಿ ಕಳೆಯಿರಿ."

ದೊಡ್ಡಮ್ಮ: "ಕಳೆಯುವುದಿಲ್ಲ."