ಬ್ರೋಕರ್ ಇಲ್ಲದೆ ಮನೆ ಕೊಳ್ಳುತ್ತಿದ್ದೇವೆ, ಅಡ್ವಾನ್ಸ್ ಈಗಲೇ ಕೊಡಬಹುದಾ?

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿ ನಮ್ಮ ಬೀದಿಯಲ್ಲೇ ಹಳೇ ಮನೆಯೊಂದು ಮಾರಾಟಕ್ಕಿದೆ. 30x40 ಸೈಟು. ಮಾಲೀಕರು ನಿವೃತ್ತ ಮೇಷ್ಟ್ರು, 85 ಲಕ್ಷ ಹೇಳುತ್ತಿದ್ದಾರೆ. ಬ್ರೋಕರ್ ಬೇಡ ಅಂತ ಇಬ್ಬರಿಗೂ ಇದೆ. ಈ ವಾರವೇ 5 ಲಕ್ಷ ಅಡ್ವಾನ್ಸ್ ಕೇಳಿದ್ದಾರೆ. ಕೊಡಲಾ?

ಉತ್ತರ 1: ಈಗಲೇ ಬೇಡ ಸರ್. ಮೊದಲು ಮನೆ ಅವರಿಗೆ ಹೇಗೆ ಬಂತು ಅಂತ ಕೇಳಿ. ಸ್ವಂತ ದುಡಿಮೆಯದ್ದೋ, ಅಪ್ಪನಿಂದ ಬಂದದ್ದೋ? ಅಪ್ಪನದಾದರೆ ಅಕ್ಕತಂಗಿಯರಿಗೂ ಪಾಲಿರುತ್ತದೆ. ಮದುವೆಯಾಗಿ ಹೋದವರು ಅಂತ ಬಿಡಬೇಡಿ, ಅವರ ಸಹಿಯೂ ಬೇಕು. ನಮ್ಮ ಅತ್ತೆ ಕಡೆಯ ಮನೆ ಇದೊಂದೇ ಕಾರಣಕ್ಕೆ ಕೋರ್ಟಿಗೆ ಹೋಯಿತು. ಎಷ್ಟೇ ಒಳ್ಳೆಯವರಾದರೂ ಮೂಲಪತ್ರ ಕಣ್ಣಾರೆ ನೋಡಿ. ಜೆರಾಕ್ಸ್ ಸಾಲದು, ಮೂಲಪತ್ರ ಬ್ಯಾಂಕಿನಲ್ಲಿ ಅಡ ಇರಬಹುದು ಅಲ್ವಾ? ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿ ಮೇಲೆ ಸಾಲ, ಮಾರಾಟ ಏನೇನು ನೋಂದಣಿಯಾಗಿದೆ ಅಂತ ತೋರಿಸುವ ಪತ್ರ) ನೀವೇ ತೆಗೆಸಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದಿದ್ದರೆ ನೋಂದಣಿಯೇ ಆಗುವುದಿಲ್ಲ. ಉಳಿಸಿದ ಕಮಿಷನ್‌ನಲ್ಲಿ ಸ್ವಲ್ಪ ವಕೀಲರಿಗೆ ಕೊಡಿ. ಅವರು ನಿಮ್ಮ ವಕೀಲರಾಗಿರಲಿ, ಮಾರುವವರ ಪರಿಚಯದವರು ಬೇಡ.

ಉತ್ತರ 2: ಖರ್ಚಿನ ಲೆಕ್ಕವನ್ನೂ ಹಾಕಿಕೊಳ್ಳಿ. ಈ ಬೆಲೆಗೆ ಮುದ್ರಾಂಕ ಶುಲ್ಕ 5%, ಮೇಲೆ ಸೆಸ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಗಿದೆ. 50 ಲಕ್ಷ ದಾಟಿದ್ದರಿಂದ ಮೇಷ್ಟ್ರಿಗೆ ಕೊಡುವ ಹಣದಲ್ಲೇ 1% ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ಅವರಿಗೆ ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಮನೆ ಅವರ ತಂದೆಯದಂತೆ, ಇಬ್ಬರು ತಂಗಿಯರಿದ್ದಾರೆ. ಅವರನ್ನೂ ಕೂರಿಸಿ ಮಾತಾಡಿದ ಮೇಲೇ ಕರಾರು, ಅಡ್ವಾನ್ಸ್ ಚೆಕ್‌ನಲ್ಲೇ.