ಅಪ್‌ಡೇಟ್: ಅಮ್ಮನ ಫೋಟೋ ಜಾಹೀರಾತಿನಿಂದ ತೆಗೆಸಿದೆವು

ಮುಂಬೈನ ಮಾಟುಂಗಾದಲ್ಲಿ ಮಲ್ಲಿಗೆ ಮೊಳ ಹಾಕಿಸಿಕೊಳ್ಳುತ್ತಿದ್ದ ಅಮ್ಮನ ಫೋಟೋವನ್ನು ಯಾರೋ ಕೇಳದೆ ತೆಗೆದಿದ್ದರು. ಅದು ಸೀರೆ ಅಂಗಡಿಯೊಂದರ ಇನ್‌ಸ್ಟಾಗ್ರಾಮ್ ಜಾಹೀರಾತಿನಲ್ಲಿ ಬಂದಿದೆ, ಏನು ಮಾಡೋಣ ಅಂತ ಕೇಳಿದ್ದೆ. ಅಮ್ಮನ ಮುಖದ ಪಕ್ಕದಲ್ಲೇ ‘ಭಾರಿ ರಿಯಾಯಿತಿ’ ಅಂತ ಕೆಂಪಕ್ಷರ! ಕೊನೆಗೂ ತೆಗೆದರು.

ಪೊಲೀಸ್ ದೂರು ನಡೆಯಲಿಲ್ಲ. ಬೀದಿಯಲ್ಲಿ ಸುಮ್ನೆ ಫೋಟೋ ತೆಗೆಯುವುದೇ ಅಪರಾಧವಲ್ಲವಂತೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇರುವುದು ಹೆಂಗಸರ ಖಾಸಗಿ ಕ್ಷಣಗಳನ್ನು ನೋಡುವವರಿಗೆ, ಚಿತ್ರ ತೆಗೆಯುವವರಿಗೆ. ಕಾಪಿರೈಟ್ ರಿಪೋರ್ಟೂ ಕೆಲಸಕ್ಕೆ ಬರಲಿಲ್ಲ. 1957ರ ಕಾಯ್ದೆ ಪ್ರಕಾರ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದು, ಅದರಲ್ಲಿ ಇರುವವರದಲ್ಲ. ಇದು ನನಗೆ ದೊಡ್ಡ ಆಶ್ಚರ್ಯ.

ಕೈಹಿಡಿದದ್ದು ‘ವಕೀಲರಿಂದ ನೋಟಿಸ್ ಕೊಡಿಸಿ’ ಅಂದವರ ಮಾತು. ಅವರಿಗೆ ತುಂಬಾ ಥ್ಯಾಂಕ್ಸ್. ಒಪ್ಪಿಗೆಯಿಲ್ಲದೆ ಒಬ್ಬರ ಹೆಸರನ್ನೋ ಚಿತ್ರವನ್ನೋ ಜಾಹೀರಾತಿಗೆ ಬಳಸಿದರೆ ಅದು ಖಾಸಗಿತನದ ಹಕ್ಕಿನ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ನೋಟಿಸಿನಲ್ಲಿ ಅದನ್ನೇ ಹಾಕಿಸಿದೆವು. ಜಾಹೀರಾತು ಹೋಯಿತು, ಕ್ಷಮೆ ಕೇಳಿ ಪತ್ರವೂ ಬಂತು.

ನೋಟಿಸ್ ಕೊಡುವ ಮುಂಚೆ ಸ್ಕ್ರೀನ್‌ಶಾಟ್, ಲಿಂಕ್, ತಾರೀಖು ಎತ್ತಿಟ್ಟುಕೊಳ್ಳಿ. ಆಮೇಲೆ ಪೋಸ್ಟ್ ಸಿಗುವುದಿಲ್ಲ. ಪರಿಹಾರದ ದುಡ್ಡು ಕೇಳಬಹುದಿತ್ತು, ಅಮ್ಮನೇ ಬೇಡ ಅಂದರು.