ಸಹಾಯ ಬೇಕು: ನ್ಯಾನಾಗ್ ಜೀನಿನ ಹುಸಿ ನಕಲುಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಬಿಎಸ್ಸಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಮೊನ್ನೆ ಸೂಡೋಜೀನ್ (ಜೀನಿನ ಹುಸಿ ನಕಲು) ಪಾಠ ಇತ್ತು. ಜೆರಾಕ್ಸ್ ಅಂಗಡಿಯಲ್ಲಿ ಅಕ್ಷರ ಹಾರಿಹೋದ ಕಾಪಿ ಇದ್ದಂಗೆ, ಕೆಲಸಕ್ಕೆ ಬರಲ್ಲ, ಆದರೂ ಭ್ರೂಣದ ಕೋಶ ಕೆಲವನ್ನು ಓದುತ್ತದೆ, ಅಂದರೆ ಅದರಿಂದ ಆರ್‌ಎನ್‌ಎ ಎಂಬ ಪ್ರತಿ ಮಾಡಿಕೊಳ್ಳುತ್ತದೆ ಅಂದೆ. ಹಿಂದಿನ ಬೆಂಚಿನ ಹುಡುಗಿ, "ಹಂಗಾದ್ರ ಭ್ರೂಣ ಅದನ್ನ ಯಾಕ ಓದ್ತದ ರೀ ಸರ್?" ಅಂದಳು. ಸುಮ್ನೆ ನಿಂತುಬಿಟ್ಟೆ.

ನನಗೆ ಗೊತ್ತಿರುವುದು ಇಷ್ಟು. ಭ್ರೂಣದ ಕೋಶ ಯಾವ ಅಂಗವಾದರೂ ಆಗಬಲ್ಲ ಸ್ಥಿತಿಯಲ್ಲಿ ಉಳಿಯಲು ನ್ಯಾನಾಗ್ ಜೀನ್ ಬೇಕು. ಮನುಷ್ಯರಲ್ಲಿ ಇದಕ್ಕೆ 11 ಸೂಡೋಜೀನ್‌ಗಳಿವೆ. ಅವುಗಳಲ್ಲಿ ಹತ್ತು, ಆರ್‌ಎನ್‌ಎಯಿಂದ ಡಿಎನ್‌ಎಗೆ ವಾಪಸ್ ನಕಲಾಗಿ ಬಂದವು, ಅವುಗಳಲ್ಲಿ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯುವ ಜೀನಿನ ತುಣುಕು) ಇಲ್ಲ. ನ್ಯಾನಾಗ್‌ಪಿ1 ಮಾತ್ರ ಜೀನೇ ಇಮ್ಮಡಿಯಾಗಿ ಹುಟ್ಟಿದ್ದು. ನ್ಯಾನಾಗ್‌ಪಿ8 ಅಂತೂ ಅಸಲಿಗೆ ಎಷ್ಟು ಹತ್ತಿರ ಅಂದರೆ ಪಿಸಿಆರ್ (ಡಿಎನ್‌ಎಯ ಆರಿಸಿದ ಭಾಗವನ್ನು ಲಕ್ಷಾಂತರ ಪಟ್ಟು ನಕಲು ಮಾಡುವ ವಿಧಾನ) ಮಾಡುವವರೇ ಮೋಸ ಹೋಗುತ್ತಾರೆ!

2010ರಲ್ಲಿ ಪಿಟೆನ್ ಎಂಬ ಜೀನಿನ ಸೂಡೋಜೀನ್ ಆದ ಪಿಟೆನ್‌ಪಿ1ರ ಆರ್‌ಎನ್‌ಎ, ಮೈಕ್ರೋಆರ್‌ಎನ್‌ಎಗಳನ್ನು (ಜೀನ್‌ಗಳ ಕೆಲಸ ತಗ್ಗಿಸುವ ಪುಟ್ಟ ಆರ್‌ಎನ್‌ಎಗಳು) ತನ್ನ ಕಡೆ ಸೆಳೆದು ಅಸಲಿ ಜೀನನ್ನು ಕಾಯುತ್ತದೆ ಅಂತ ತೋರಿಸಿದರು. ಆದರೆ ಅದು ಕ್ಯಾನ್ಸರ್ ಕೋಶಗಳ ಮಾತು ಅಲ್ವಾ? ಭ್ರೂಣ 4ರಿಂದ 8 ಕೋಶ ಆದಾಗ, ಅದರ ಸ್ವಂತ ಜೀನ್‌ಗಳು ಜೋರಾಗಿ ಚಾಲೂ ಆಗುವ ಹೊತ್ತಲ್ಲಿ, ನ್ಯಾನಾಗ್ ನಕಲುಗಳಲ್ಲೂ ಹೀಗೇ ನಡೆಯುತ್ತದಾ?

ಸ್ಟೆಮ್ ಸೆಲ್ ಲ್ಯಾಬಿನಲ್ಲಿ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಕನ್ನಡದಲ್ಲೇ ಬಿಡಿಸಿ ಹೇಳಿ. ಪಿಸಿಆರ್‌ನಲ್ಲಿ ಅಸಲಿಯನ್ನು ಮಾತ್ರ ಹಿಡಿಯುವ ಪ್ರೈಮರ್ (ನಕಲು ಎಲ್ಲಿಂದ ಶುರು ಅಂತ ಗುರುತಿಸುವ ಚಿಕ್ಕ ಡಿಎನ್‌ಎ ತುಂಡು) ಹೇಗೆ ಆರಿಸುತ್ತೀರಿ ಅನ್ನೋದೂ ಬೇಕು. ಸೋಮವಾರ ಅದೇ ಕ್ಲಾಸಿದೆ, ಆ ಹುಡುಗಿ ಬಿಡೋಳಲ್ಲ.